ಅಮ್ಮ ಸೋಮವಾರದವರೆಗೆ ಇರಬೇಕಿತ್ತು

ನನ್ನ ಕೆಲಸ ಏನು ಎಂದು ನೆಂಟರಿಗೆ ವಿವರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಯಲಹಂಕದ ಆಚೆ ಇರುವ ಒಂದು ಮೆಡಿಕಲ್ ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಕೂತು, ವೈದ್ಯಕೀಯ ಸಂಶೋಧನೆಗೆ ಯಾರು ಎಲ್ಲಿ ದುಡ್ಡು ಕೊಡುತ್ತಿದ್ದಾರೆ ಎಂದು ಹುಡುಕುವುದು, ಸಿಕ್ಕಿದರೆ ನಮ್ಮ ಡಾಕ್ಟರುಗಳ ಪರವಾಗಿ ಅರ್ಜಿ ಬರೆಯುವುದು, ಇಷ್ಟೇ. ಹಣ ಕೊಡುವ ಸಂಸ್ಥೆಗಳು ಇಂಥಿಂಥ ವಿಷಯಕ್ಕೆ ಅರ್ಜಿ ಹಾಕಿ ಎಂದು ಆಗಾಗ ಪ್ರಕಟಣೆ ಹೊರಡಿಸುತ್ತವೆ. ಅದನ್ನು ನಾವು ಕಾಲ್ ಅನ್ನುತ್ತೇವೆ. ಸಕ್ಕರೆ ಕಾಯಿಲೆಯ ಕಾಲ್ ಬಂದರೆ ನಮ್ಮ ಡಾಕ್ಟರುಗಳಿಗೆಲ್ಲ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆಯವರ ಮೇಲೆ ಕರುಣೆ ಉಕ್ಕುತ್ತದೆ. ಮರುವರ್ಷ ಮಾನಸಿಕ ಆರೋಗ್ಯದ ಕಾಲ್ ಬಂದರೆ ಅದೇ ಕರುಣೆ ಆ ಕಡೆ ತಿರುಗುತ್ತದೆ. ಆ ಕರುಣೆಗೆ ಒಳ್ಳೆಯ ಇಂಗ್ಲಿಷ್ ಹಾಕಿ ಕೊಡುವವಳು ನಾನು. ಮನುಷ್ಯರ ಸಂಕಟವನ್ನು ದುಡ್ಡು ಕೊಡುವವರು ಕೇಳಿದಷ್ಟೇ ಪದಗಳಿಗೆ ಇಳಿಸುವುದರಲ್ಲಿ ನಮ್ಮ ಕಾಲೇಜಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬವೆಂದರೆ ಜಂಬ.

ಹೋದ ವರ್ಷ ಹೊರದೇಶದ ಒಂದು ಸಂಸ್ಥೆಯಿಂದ ಒಂದು ಕಾಲ್ ಬಂತು. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಆಸ್ಪತ್ರೆಗಳಿಂದ ಎಂಥ ನೆರವು ಸಿಗಬೇಕು ಎಂಬುದರ ಅಧ್ಯಯನ. ಅದಕ್ಕೊಂದು ಹೊಸ ಷರತ್ತು ಇತ್ತು. ಅರ್ಜಿದಾರರಲ್ಲಿ ಒಬ್ಬರು ಸ್ವತಃ ಅಂಥ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರೇ ಆಗಿರಬೇಕು. ಹೆಸರಿಗಲ್ಲ, ಡಾಕ್ಟರುಗಳ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಮೂರು ವರ್ಷ ತಿಂಗಳ ಸಂಬಳ ತೆಗೆದುಕೊಂಡು. ಒಪ್ಪಂದಕ್ಕೆ ಸಹಿ ಹಾಕುವ ದಿನ ಅವರ ರೋಗಿ ಅವರ ಆರೈಕೆಯಲ್ಲಿ ಜೀವಂತ ಇರಬೇಕು. ಸಹಿ ಬಿದ್ದ ಮೇಲೆ ರೋಗಿಗೆ ಏನಾದರೂ ಆದರೆ ಚಿಂತೆಯಿಲ್ಲ, ಕೆಲಸ ಉಳಿಯುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥರು ಮೀಟಿಂಗಿನಲ್ಲಿ, ಇಂಥವರು ಯಾರಾದರೂ ಗೊತ್ತಾ, ಸ್ವಲ್ಪ ಓದಿರಬೇಕು, ಬಾಯಿ ಜೋರಿರಬಾರದು ಎಂದು ಕೇಳಿದರು. ನಾನು ನನ್ನ ಅಕ್ಕನ ಹೆಸರು ಹೇಳಿದೆ. ಬಾಯಿಯ ವಿಷಯ ಮುಚ್ಚಿಟ್ಟೆ.

ಅಕ್ಕನಿಗೆ ಉಪಕಾರ ಮಾಡಬೇಕೆಂದು ಹೇಳಿದ್ದಲ್ಲ. ನಾನು ಆರ್.ಟಿ. ನಗರದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದೆ. ಲಿಫ್ಟ್ ಇಲ್ಲ ಎಂಬುದೇ ಅಮ್ಮನನ್ನು ಕರೆದುಕೊಂಡು ಬರದಿರಲು ನನಗಿದ್ದ ಕಾರಣ, ಅದನ್ನು ಎಲ್ಲರಿಗೂ ಹೇಳಿ ಹೇಳಿ ಸವೆಸಿಬಿಟ್ಟಿದ್ದೆ. ಅಕ್ಕ ಫೋನ್ ಮಾಡಿದಾಗಲೆಲ್ಲ ಕೊನೆಗೆ, ನಿಮ್ಮ ಬಿಲ್ಡಿಂಗಿಗೆ ಲಿಫ್ಟ್ ಹಾಕ್ಸಿದ್ರಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಅವಳಿಗೆ ಒಂದು ಸಂಬಳ ಬಂದರೆ ಆ ಪ್ರಶ್ನೆ ನಿಲ್ಲುತ್ತದೆ ಎಂದುಕೊಂಡೆ.

ನಮ್ಮದು ಕೊಡಿಗೇಹಳ್ಳಿ. ಅಪ್ಪನ ಕಾಲಕ್ಕೇ ಹೊಲವೆಲ್ಲ ಲೇಔಟಾಗಿ, ಉಳಿದದ್ದು ಒಂದು ಹಳೆಯ ಮನೆ. ಎರಡೂ ಪಕ್ಕ ಪೀಜಿ ಕಟ್ಟಡಗಳೆದ್ದು ಹಜಾರಕ್ಕೆ ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಅಮ್ಮನ ಮಂಚ ಆ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ. ಅಮ್ಮನಿಗೆ ಲಕ್ವ ಹೊಡೆದಾಗ ಬಲಗಡೆ ಪೂರ್ತಿ ಬಿದ್ದುಹೋಯಿತು, ನಾಲಿಗೆ ಮಾತ್ರ ಉಳಿಯಿತು. ಅದು ಬಿದ್ದು ಕೈ ಉಳಿದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು ಎಂದು ಅಕ್ಕ ಅವಳ ಎದುರಿಗೇ ಹೇಳುತ್ತಿದ್ದಳು. ಅಕ್ಕ ಆಗ ಯಶವಂತಪುರದ ಒಂದು ಔಷಧಿ ಡೀಲರ್ ಆಫೀಸಿನಲ್ಲಿ ಬಿಲ್ಲಿಂಗ್ ನೋಡುತ್ತಿದ್ದಳು. ಮದುವೆ ಆಗಿ ಎರಡೇ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದವಳಿಗೆ ಆ ಆಫೀಸೇ ಊರು, ಆಫೀಸೇ ಸಂಸಾರ. ಅಮ್ಮ ಬಿದ್ದ ಮೇಲೆ ಅದನ್ನೂ ಬಿಟ್ಟಳು. ಅಮ್ಮ ಬಂದವರಿಗೆಲ್ಲ ಅದನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು. ಗಂಡನ್ನ ಉಳುಸ್ಕಳಕ್ಕಾಗ್ಲಿಲ್ಲ, ಕೆಲ್ಸಾನೂ ಉಳುಸ್ಕಳಕ್ಕಾಗ್ಲಿಲ್ಲ, ನಾನೊಬ್ಳು ಸಿಕ್ಕೊಂಡಿದೀನಿ ಅನ್ನುತ್ತಿದ್ದಳು. ಇದನ್ನು ಕೇಳುತ್ತಲೇ ಅಕ್ಕ ಅವಳ ಬಾಯಿಗೆ ರಾಗಿ ಗಂಜಿ ಹಾಕುತ್ತಿದ್ದಳು. ಗಂಜಿ ಒಂದಿಷ್ಟು ಬಿಸಿಯಿರುತ್ತಿತ್ತೋ ಏನೋ, ನಾನು ಬೆರಳಿಟ್ಟು ನೋಡಲಿಲ್ಲ.

ಅರ್ಜಿಯ ವಿಷಯ ಹೇಳಿದಾಗ ಅಕ್ಕ ನಂಬಲಿಲ್ಲ. ಅಮ್ಮನನ್ನು ನೋಡಿಕೊಳ್ಳುವುದಕ್ಕೆ ಹೊರದೇಶದವರು ಯಾಕೆ ಸಂಬಳ ಕೊಡುತ್ತಾರೆ, ಅವರಿಗೆ ಬೇರೆ ಕೆಲಸವಿಲ್ಲವಾ ಎಂದಳು. ನೋಡಿಕೊಳ್ಳುವುದಕ್ಕಲ್ಲ, ನೋಡಿಕೊಳ್ಳುವುದರ ಬಗ್ಗೆ ಮಾತಾಡುವುದಕ್ಕೆ ಎಂದು ತಿಳಿಸಿ ಹೇಳಿದೆ. ವಾರಕ್ಕೆ ಮೂರು ದಿನ ಯಲಹಂಕಕ್ಕೆ ಬರಬೇಕು, ಆ ಹೊತ್ತಿಗೆ ಅಮ್ಮನಿಗೆ ಆಯಾ ಇಡಲು ಬೇರೆ ದುಡ್ಡು, ಬಾಗಿಲ ಮೇಲೆ ನಿನ್ನ ಹೆಸರು ಇರುತ್ತದೆ ಅಂದೆ. ಹೆಸರು ಅಂದ ಕೂಡಲೇ ಅವಳ ಮುಖ ನೋಡಬೇಕಿತ್ತು.

ಮಂಚದಿಂದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ನನ್ ಏಲು ಬಳ್ದಿದ್ದಕ್ಕೆ ಇವಳ್ಗೆ ಸಂಬಳಾನಾ? ಅಂಗಾದ್ರೆ ಏತಿರೋಳು ನಾನು. ನಂಗೇನ್ ಕೊಡ್ತಾರಂತೆ ಕೇಳು."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ನೀನು ಸುಮ್ಮನೆ ಉಸಿರಾಡಿಕೊಂಡು ಇದ್ದರೆ ಸಾಕು, ಅಷ್ಟೇ ನಿನ್ನ ಕೆಲಸ ಎಂದಳು. ಆಗ ಅದು ಬರೀ ಮಾತಾಗಿತ್ತು.

ಅರ್ಜಿ ಮೊದಲ ಸುತ್ತು ದಾಟಿತು. ಅಕ್ಕ ಹೊಸ ಕನ್ನಡಕ ಮಾಡಿಸಿದಳು, ಇಸ್ತ್ರಿ ಮಾಡಿದ ಎರಡು ಕಾಟನ್ ಸೀರೆ ಹ್ಯಾಂಗರಿಗೆ ಹಾಕಿ ಇಟ್ಟಳು. ಇಂಟರ್ವ್ಯೂ ದಿನ ಕಾಲೇಜಿನ ಸಭಾ ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಮುಖ್ಯಸ್ಥರ ಪಕ್ಕ ಕೂತಳು. ಆ ಕಡೆಯಿಂದ ಬಿಳಿಗೂದಲಿನ ಒಬ್ಬ ಹೆಂಗಸು, ಈ ಕೆಲಸದಲ್ಲಿ ನಿಮಗೆ ಅತ್ಯಂತ ಕಷ್ಟ ಅನ್ನಿಸುವುದು ಯಾವುದು ಎಂದು ಕೇಳಿದಳು. ಅಕ್ಕ ಕನ್ನಡದಲ್ಲೇ ಹೇಳಿದಳು. ಎತ್ತುವುದು, ಒರೆಸುವುದು ಕಷ್ಟ ಅಲ್ಲ, ಅಮ್ಮ ಬೈಯುವುದನ್ನು ಕೇಳಿಕೊಂಡು ಅವಳಿಗೇ ಅನ್ನ ತಿನ್ನಿಸಬೇಕಲ್ಲ, ಅದು. ಒಂದೊಂದು ದಿನ ಇವಳು ಯಾವಾಗ ಹೋಗುತ್ತಾಳೋ ಅನ್ನಿಸುತ್ತದೆ ಎಂದೂ ಸೇರಿಸಿದಳು. ನಾನು ಅದನ್ನು, ಆರೈಕೆದಾರರ ಮೇಲಿನ ಭಾವನಾತ್ಮಕ ಹೊರೆ ಬಹಳ ಹೆಚ್ಚು ಎಂದು ಅನುವಾದಿಸಿದೆ. ಪರದೆಯ ಮೇಲಿದ್ದ ತಲೆಗಳೆಲ್ಲ ಒಟ್ಟಿಗೆ ಆಡಿದವು.

ಸಂಕ್ರಾಂತಿ ಕಳೆದ ಮೇಲೆ ಅಮ್ಮನಿಗೆ ಎರಡನೇ ಸಲ ಲಕ್ವ ಹೊಡೆಯಿತು. ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು. ಈ ಸಲ ನಾಲಿಗೆಯೂ ಹೋಯಿತು, ನುಂಗುವುದೂ ಹೋಯಿತು. ಎಡಗೈ ಒಂದು ಆಡುತ್ತಿತ್ತು, ಕಣ್ಣು ಆಡುತ್ತಿದ್ದವು. ಅಲ್ಲಿ ಕಾರಿಡಾರಿನಲ್ಲಿ ಕೂತಿದ್ದಾಗಲೇ ಮುಖ್ಯಸ್ಥರ ಫೋನ್ ಬಂತು. ನಮ್ಮ ಅರ್ಜಿ ಆಯ್ಕೆಯಾಗಿದೆ, ಒಪ್ಪಂದದ ಕರಡು ಬರಲು ಕೆಲವು ವಾರ ಹಿಡಿಯುತ್ತದೆ, ಬಂದ ಮೇಲೆ ಎಲ್ಲರೂ ಕೂತು ಸಹಿ ಹಾಕಬೇಕು. ನಾನು ಅಕ್ಕನಿಗೆ ಹೇಳಿದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಐಸಿಯು ಬಾಗಿಲು ನೋಡಿದಳು. ಅಕ್ಕನ ತಲೆಯೊಳಗೆ ಏನು ಓಡುತ್ತಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು, ಯಾಕೆಂದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ಇನ್ನು ಸುಧಾರಿಸುವುದಿಲ್ಲ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ದ್ರವ ಆಹಾರ ಕೊಟ್ಟರೆ ಕೆಲವು ವಾರ, ತಿಂಗಳೂ ಹೋಗಬಹುದು. ಬೇಡವೆಂದರೆ ಮನೆಗೆ ಕರೆದುಕೊಂಡು ಹೋಗಿ ನೆಮ್ಮದಿಯಾಗಿ ಇರಿಸಿ. ಅಮ್ಮನಿಗೆ ಏನು ಇಷ್ಟವಿತ್ತು ಎಂದು ಕೇಳಿದರು. ಅಮ್ಮನ ಇಷ್ಟ ಇಡೀ ಬೀದಿಗೇ ಗೊತ್ತಿತ್ತು. ಎದುರುಮನೆಯ ಮುದುಕನಿಗೆ ಹಾಗೆ ಟ್ಯೂಬ್ ಹಾಕಿದಾಗ ಅವಳು, ನನ್ಗೆ ಮಾತ್ರ ಇಂಗೆ ಮೂಗ್ಗೆ ಪೈಪ್ ಇಕ್ಕಿ ಆನೆ ಮಾಡಿ ಕೂರುಸ್ಬ್ಯಾಡಿ ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು.

"ಟ್ಯೂಬ್ ಹಾಕಿ," ಎಂದಳು ಅಕ್ಕ.

ಒಪ್ಪಿಗೆ ಕಾಗದಕ್ಕೆ ನಾನೂ ಸಹಿ ಹಾಕಿದೆ.

ಮನೆಗೆ ಬಂದ ಮೇಲೆ ಅಕ್ಕ ಅಮ್ಮನನ್ನು ನೋಡಿಕೊಂಡ ಹಾಗೆ ಅದಕ್ಕೂ ಮೊದಲು ಯಾವತ್ತೂ ನೋಡಿಕೊಂಡಿರಲಿಲ್ಲ. ಹೊತ್ತು ಹೊತ್ತಿಗೆ ಸೋಸಿದ ಗಂಜಿ, ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸುವುದು, ಬೆನ್ನಿಗೆ ಪೌಡರ್, ಗಾಳಿಹಾಸಿಗೆ, ಜ್ವರ ನೋಡುವುದು. ಯಾರಾದರೂ ಸೀನಿದರೆ ಹೊರಗೆ ಕಳಿಸುತ್ತಿದ್ದಳು. ಅಮ್ಮ ಎಡಗೈಯಿಂದ ಟ್ಯೂಬನ್ನು ಕಿತ್ತುಹಾಕಿದಳು. ನರ್ಸನ್ನು ಕರೆಸಿ ಮತ್ತೆ ಹಾಕಿಸಿದ್ದಾಯಿತು. ಮತ್ತೆ ಕಿತ್ತಳು. ಆಗ ಅಕ್ಕ ಒಂದು ಹಳೆಯ ಕಾಟನ್ ಸೀರೆಯ ಅಂಚನ್ನು ಹರಿದು, ಮೆತ್ತಗೆ ಮಡಿಸಿ, ಅಮ್ಮನ ಎಡಗೈಯನ್ನು ಮಂಚದ ಸರಳಿಗೆ ಕಟ್ಟಿದಳು. ಕಟ್ಟುವಾಗ ಅಮ್ಮ ಅವಳನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಬಾಯಿಯಲ್ಲಿ ಬೈದದ್ದೆಲ್ಲ ಒಂದು ಕಡೆ, ಆ ನೋಟ ಒಂದು ಕಡೆ. ಅಕ್ಕ ಗಂಟು ಬಿಗಿಯಾಯಿತಾ ಎಂದು ಬೆರಳು ತೂರಿಸಿ ನೋಡಿ, ಗಂಜಿ ಬಿಸಿಮಾಡಲು ಒಳಗೆ ಹೋದಳು.

ಬೀದಿಯವರು ಬಂದು ಬಂದು ನೋಡಿ ಅಕ್ಕನ ಬೆನ್ನು ತಟ್ಟಿದರು. ಗಂಡುಮಕ್ಕಳು ಯಾಕೆ ಬೇಕು, ಇಂಥ ಒಬ್ಬ ಮಗಳಿದ್ದರೆ ಸಾಕು ಎಂದರು. ಒಬ್ಬಾಕೆ ತನ್ನ ಸೊಸೆಯನ್ನು ಕರೆತಂದು ತೋರಿಸಿದಳು. ಅಕ್ಕ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವರು ಆ ಕಡೆ ಹೋದ ಮೇಲೆ ನನಗೆ ಫೋನ್ ಮಾಡಿ, ಕರಡು ಬಂತಾ ಎಂದು ಕೇಳುತ್ತಿದ್ದಳು. ಲಿಫ್ಟಿನ ಪ್ರಶ್ನೆ ನಿಂತುಹೋಗಿತ್ತು, ಅಷ್ಟರ ಮಟ್ಟಿಗೆ ನನ್ನ ಲೆಕ್ಕ ಸರಿಯಾಗಿತ್ತು. ಆದರೆ ಕರಡು ಬರಲಿಲ್ಲ. ನಮ್ಮ ಕಾಲೇಜಿನ ವಕೀಲರು ಒಂದು ಪದ ತಿದ್ದಿ ಕಳಿಸುತ್ತಿದ್ದರು, ಅವರ ವಕೀಲರು ಅದನ್ನೇ ಮತ್ತೆ ತಿದ್ದಿ ಕಳಿಸುತ್ತಿದ್ದರು. ಹಜಾರದಲ್ಲಿ ಅಮ್ಮ ದಿನದಿಂದ ದಿನಕ್ಕೆ ಸೊರಗುತ್ತಾ ಹೋದಳು. ಕೊನೆಗೆ, ಸೋಮವಾರ ಬೆಳಿಗ್ಗೆ ಸಹಿ ಎಂದು ತೀರ್ಮಾನವಾಯಿತು.

ಆ ವಾರವೇ ಚಿಕ್ಕಮ್ಮ ಬಂದದ್ದು. ಅಮ್ಮನ ತಂಗಿ, ಅಟ್ಟೂರಿಗೆ ಕೊಟ್ಟಿದ್ದರು. ಈಗ ಅಲ್ಲಿ ಅವಳದು ನಾಲ್ಕಂತಸ್ತಿನ ಬಾಡಿಗೆ ಕಟ್ಟಡ, ಮೈತುಂಬ ಚಿನ್ನ, ಆದರೂ ಕೂರುವುದು ನೆಲದ ಮೇಲೇ. ಅಮ್ಮನ ಕಟ್ಟಿದ ಕೈ ನೋಡಿ ಬಾಯಿಗೆ ಸೆರಗಿಟ್ಟುಕೊಂಡಳು. ನಮ್ಮ ಕಡೆ ಒಂದು ನಂಬಿಕೆ ಇದೆ. ಜೀವ ಹೋಗದೆ ಒದ್ದಾಡುತ್ತಿದ್ದರೆ ಅದು ಯಾವುದೋ ಆಸೆಗೆ ಸಿಕ್ಕಿಕೊಂಡಿದೆ ಎಂದು ಅರ್ಥ. ಹಾಗಾಗಿ ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಾರೆ, ಇಷ್ಟದ ತಿಂಡಿಯನ್ನು ತುಟಿಗೆ ಮುಟ್ಟಿಸುತ್ತಾರೆ. ಅದಕ್ಕೂ ಹೋಗದಿದ್ದರೆ ಯಾರಾದರೂ ಹಿರಿಯರು ಕಿವಿಯ ಹತ್ತಿರ ಬಗ್ಗಿ, ಆ ಆಸೆ ತೀರಿತು ಎಂದು ಹೇಳಿಬಿಡುತ್ತಾರೆ. ಮಗ ಬಂದ, ಜಮೀನು ಕೈಸೇರಿತು, ಮೊಮ್ಮಗಳಿಗೆ ಗಂಡು ಸಿಕ್ಕಿತು. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಚಿಕ್ಕಮ್ಮ ನೀರು ಬಿಡಲು ಹೋದಾಗ ಅಕ್ಕ ಲೋಟ ಕಿತ್ತುಕೊಂಡಳು. ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತೆ, ಡಾಕ್ಟರು ಬೇಡ ಅಂದಿದ್ದಾರೆ ಎಂದು ಗದರಿದಳು. ಆ ಮಾತೇನೋ ನಿಜವೇ. ಚಿಕ್ಕಮ್ಮ ಮುಖ ಸಣ್ಣದು ಮಾಡಿಕೊಂಡು ಮಂಚದ ಪಕ್ಕ ಕೂತಳು, ಏಳಲಿಲ್ಲ. ಮರುದಿನವೂ ಬಂದು ಅಲ್ಲೇ ಕೂತಳು.

ಗುರುವಾರ ನಾನು ರಜೆ ಹಾಕಿ ಹೋಗಿದ್ದೆ. ಅಕ್ಕ ಬೆಳಿಗ್ಗೆಯಿಂದ ಲವಲವಿಕೆಯಿಂದ ಇದ್ದಳು. ಸೋಮವಾರಕ್ಕೆ ಯಾವ ಸೀರೆ ಎಂದು ಎರಡನ್ನೂ ನನ್ನ ಮುಂದೆ ಹಿಡಿದು ಕೇಳಿದಳು. ತಿಂಡಿಯಾದ ಮೇಲೆ ಒಗೆದ ಬಟ್ಟೆ ಹರವಲು ಮೇಲೆ ತಾರಸಿಗೆ ಹೋದಳು. ನಾನು ಡೈಪರ್ ತರಲು ಮೆಡಿಕಲ್ ಶಾಪಿಗೆ ಹೋದೆ. ವಾಪಸು ಬಂದಾಗ ಚಿಕ್ಕಮ್ಮ ಅಮ್ಮನ ತಲೆ ಸವರುತ್ತಾ ಅಳುತ್ತಿದ್ದಳು. ಕಟ್ಟು ಬಿಚ್ಚಿ ಎಡಗೈಯನ್ನು ಎದೆಯ ಮೇಲೆ ಇಟ್ಟಿದ್ದಳು. ಉಸಿರು ನಿಂತಿತ್ತು. ನಾನು ಮೂಗಿನ ಹತ್ತಿರ ಕೈ ಹಿಡಿದೆ, ನಾಡಿ ನೋಡಿದೆ, ಏನೂ ಇರಲಿಲ್ಲ.

ಅಕ್ಕ ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬಂದಳು. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು.

"ಇವತ್ತು ಗುರುವಾರ," ಎಂದಳು.

ಚಿಕ್ಕಮ್ಮ, ಹೂಂ, ಒಳ್ಳೆ ದಿನಾನೇ ಎಂದಳು. ಅಕ್ಕ ಮಂಚದ ಕಾಲಿನ ಹತ್ತಿರ ಕುಸಿದು ಕೂತು ಅತ್ತಳು. ನಾನು ಆ ಮನೆಯಲ್ಲಿ ಬೇಕಾದಷ್ಟು ಅಳು ನೋಡಿದ್ದೇನೆ, ಅಷ್ಟು ನಿಜವಾದ ಅಳು ನೋಡಿಲ್ಲ. ಅಷ್ಟು ಹೊತ್ತಿಗೆ ಒಳಗೆ ಬಂದಿದ್ದ ಬೀದಿಯ ಹೆಂಗಸರೂ ಅವಳನ್ನು ನೋಡಿ ಅತ್ತರು. ತಾಯಿ ಅಂದರೆ ಎಷ್ಟು ಪ್ರಾಣ ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ನಾನು ಹೊರಗೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿದೆ. ನನಗೆ ನಾಚಿಕೆಯಾಗಲಿಲ್ಲ. ಸೋಮವಾರ ಸಹಿ ಆಗಲಿ, ಸಾವಿನ ವಿಷಯ ಆಮೇಲೆ ತಿಳಿಸೋಣ, ನಡುವೆ ಇರುವುದು ಮೂರು ದಿನ ತಾನೇ ಎಂದೆ. ಮದುವೆ ಮನೆಯಲ್ಲಿ ತಾಳಿ ಕಟ್ಟುವವರೆಗೆ ಅಜ್ಜಿಯ ಸಾವನ್ನು ಮುಚ್ಚಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ ಎಂದೂ ಹೇಳಿದೆ. ಹಿಂದಿನ ಪ್ರಾಜೆಕ್ಟಿನಲ್ಲಿ ಇಲ್ಲದ ಜೀಪಿಗೆ ಡೀಸೆಲ್ ಹಾಕಿಸಿದ ಮನುಷ್ಯನಿಗೆ ಅವತ್ತು ಎಲ್ಲಿಂದಲೋ ನೀತಿ ನೆನಪಾಯಿತು.

"ಛೆ, ಸಂಶೋಧನೇಲಿ ಸುಳ್ಳು ಹೇಳೋಕಾಗಲ್ಲ ಕಣಮ್ಮ," ಎಂದರು. ಆಮೇಲೆ ದನಿ ಮೆತ್ತಗೆ ಮಾಡಿ, ನಮ್ಮ ಕುಟುಂಬಕ್ಕೆ ತಮ್ಮ ಸಂತಾಪ ಹೇಳಿದರು. ಆಮೇಲೆ, ನಾಳೆಯೊಳಗೆ ಇನ್ನೊಬ್ಬರನ್ನು ಹುಡುಕಬೇಕು, ರೋಗಿ ಸ್ವಲ್ಪ ಗಟ್ಟಿಯಿರುವ ಮನೆ ನೋಡು ಎಂದರು.

ನಾನು ಹುಡುಕಬೇಕಾಗಿ ಬರಲಿಲ್ಲ, ಅವರೇ ಹುಡುಕಿಕೊಂಡರು. ಯಲಹಂಕ ನ್ಯೂ ಟೌನಿನ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ. ಗಂಡ ಹಾಸಿಗೆ ಹಿಡಿದಿದ್ದರು, ಹಗಲಿಗೊಬ್ಬ ರಾತ್ರಿಗೊಬ್ಬ ಗಂಡು ನರ್ಸ್ ಇದ್ದರು. ಆಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಬಾಯಿ ಜೋರಿರಲಿಲ್ಲ. ಶನಿವಾರ ನಾವು ಅಮ್ಮನ ಮಣ್ಣಿಗೆ ಹಾಲು ತುಪ್ಪ ಬಿಟ್ಟು ಬಂದೆವು. ಸೋಮವಾರ ಆಕೆ ಬಂದು ಸಹಿ ಹಾಕಿದರು. ಪೆನ್ನು ಕೊಟ್ಟವಳು ನಾನು. ಅಕ್ಕ ಆ ಹೊತ್ತಿಗೆ ಮನೆಯಲ್ಲಿ ಅಮ್ಮನ ಗಾಳಿಹಾಸಿಗೆಯ ಗಾಳಿ ಬಿಡುತ್ತಿದ್ದಳಂತೆ.

ತಿಥಿಯ ದಿನ ಮನೆ ಮುಂದೆ ಶಾಮಿಯಾನ ಹಾಕಿಸಿದ್ದೆವು. ಅಮ್ಮನಿಗೆ ಎಡೆ ಇಟ್ಟಾದ ಮೇಲೆ ಮುದ್ದೆ, ಮಟನ್ ಸಾರಿನ ಊಟ ನಡೆಯುತ್ತಿತ್ತು. ಅಕ್ಕ ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದಳು. ಯಾರೋ ಅವಳನ್ನು, ಕೆಲಸಕ್ಕೆ ಯಾವತ್ತಿಂದ ಹೋಗ್ತೀಯ ಎಂದು ಕೇಳಿದರು. ಎಲೆಯ ಮುಂದೆ ಕೂತಿದ್ದ ಚಿಕ್ಕಮ್ಮ ಆಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮಕ್ಕನ ಜೀವ ಇವಳ್ ಕೆಲ್ಸದ್ ಮೇಲೇ ಇತ್ತು ಕಣ್ರವ್ವ. ಅವತ್ತು ನಾನೇ ಕಿವೀಲಿ ಏಳ್ದೆ. ದೊಡ್ಡವಳ್ಗೆ ಕೆಲ್ಸ ಆಗೋಯ್ತು, ರುಜೂನೂ ಆಯ್ತು, ಇನ್ನ ಅವಳ್ ಚಿಂತೆ ಬುಟ್ಟು ನೀನು ಓಗು ಅಂದೆ. ಕಣ್ಣಾಗೆ ನೀರ್ ಬಂತು. ಅಂಗೇ ಓಯ್ತು ಜೀವ."

ಸಾಲಿನಲ್ಲಿ ಕೂತ ಹೆಂಗಸರು ಕೈಯಲ್ಲಿ ಮುದ್ದೆ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ನನಗೆ ಚಿಕ್ಕಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಮ್ಮನ ಕೈ ಬಿಚ್ಚಿದವಳು ಅವಳೊಬ್ಬಳೇ. ಅಕ್ಕ ಬಕೆಟ್ ಹಿಡಿದು ನಿಂತೇ ಇದ್ದಳು.

"ಅವಳಿಗೆ ಕೇಳಿಸ್ತಾ?" ಎಂದು ಕೇಳಿದಳು.

ಚೆನ್ನಾಗಿ ಕೇಳಿಸಿತು, ಕಣ್ಣು ಬಿಟ್ಟು ನನ್ನನ್ನೇ ನೋಡಿದಳು ಎಂದಳು ಚಿಕ್ಕಮ್ಮ.

"ಹಾಗಾದ್ರೆ ನೆಮ್ಮದಿಯಿಂದ ಹೋಗಿಲ್ಲ ಬಿಡು ಚಿಕ್ಕಮ್ಮ. ನಂಗೆ ಕೆಲ್ಸ ಸಿಕ್ತು ಅಂತ ಹೊಟ್ಟೆ ಉರ್ಕೊಂಡು ಹೋಗಿದಾಳೆ."

ಹೇಳಿ, ಚಿಕ್ಕಮ್ಮನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ ಮುಂದಿನ ಎಲೆಗೆ ಹೋದಳು.

ನೆಂಟರೆಲ್ಲ ಹೋದ ಮೇಲೆ ಹಿತ್ತಲಲ್ಲಿ ನಾವಿಬ್ಬರೇ ಪಾತ್ರೆಗಳ ಮುಂದೆ ಕೂತೆವು. ಅಕ್ಕ ತಿಕ್ಕುತ್ತಿದ್ದಳು, ನಾನು ತೊಳೆಯುತ್ತಿದ್ದೆ. ಅವಳ ಜಾಗಕ್ಕೆ ಯಾರು ಬಂದರು ಎಂಬುದನ್ನು ಅಲ್ಲೇ ಹೇಳಿದೆ. ಗಂಡನಿಗೆ ಎಷ್ಟು ವಯಸ್ಸು ಎಂದು ಕೇಳಿದಳು, ಹೇಳಿದೆ. ಒಂದು ತಪ್ಪಲೆ ಎಳೆದುಕೊಂಡು, ಇಂಥ ಇನ್ನೊಂದು ಕಾಲ್ ಯಾವಾಗ ಬರುತ್ತೆ ಎಂದಳು. ಹೇಳಲಿಕ್ಕಾಗಲ್ಲ, ಒಂದು ವರ್ಷ ಆಗಬಹುದು, ಆದರೆ ಆಗಲೂ ಮನೆಯಲ್ಲಿ ಒಬ್ಬ ರೋಗಿ ಇರಬೇಕು ಕಣೇ ಎಂದೆ.

ಅಕ್ಕ ಕೈಯಲ್ಲಿದ್ದ ತಪ್ಪಲೆ ಕೆಳಗಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿಂಗೂ ಬಿಪಿ ಇದೆ ಅಲ್ವಾ," ಎಂದಳು. "ಮಾತ್ರೆ ಬಿಟ್ಬಿಡು. ನಾನ್ ಚೆನ್ನಾಗಿ ನೋಡ್ಕೋತೀನಿ."

ತಮಾಷೆಯೇನೋ ಎಂದು ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.